"ಬಾಯಿ ಜೋರು, ಮನಸ್ಸು ಒಳ್ಳೇದು" ಅನ್ನೋ ಸಮಾಧಾನ ಇನ್ನು ಸಾಕು

ಚಿಕ್ಕಮಗಳೂರಿನ ಓದುಗ ಸಹೋದರಿಗೆ ನಮಸ್ಕಾರ,

ನಿಮ್ಮ ಪತ್ರ ಬಂತು. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ, ನೀವು ಕೆಲಸ ಮಾಡೋ ಕ್ಯೂರಿಂಗ್ ವರ್ಕ್ಸ್ (ತೋಟದಿಂದ ಬಂದ ಕಾಫಿ ಬೀಜದ ಸಿಪ್ಪೆ ತೆಗೆದು ಆರಿಸೋ ಜಾಗ) ಹೆಸರೂ ಹಾಕಿಲ್ಲ. ಬೇರೆ ಓದುಗರಿಗೆ ಗೊತ್ತಾಗ್ಲಿ ಅಂತ ವಿಷಯ ಮಾತ್ರ ಹೇಳ್ತೀನಿ. ನೀವು ಅಲ್ಲಿ ಅಕೌಂಟ್ಸ್ ನೋಡ್ಕೋತೀರಿ. ಮ್ಯಾನೇಜರ್ರು ಸಣ್ಣ ತಪ್ಪಿಗೂ ಲಾರಿ ಡ್ರೈವರ್ರು, ಹಮಾಲರು, ಬೀಜ ಆರಿಸೋ ಹೆಂಗಸರು ಎಲ್ಲರ ಮುಂದೆನೇ ಕೂಗಾಡ್ತಾರೆ. ಹೋದ ತಿಂಗಳು ಒಂದು ಬಿಲ್ಲಲ್ಲಿ ಜಿಎಸ್‌ಟಿ ನಂಬರ್ ತಪ್ಪಾಗಿದ್ದಕ್ಕೆ ಬಿಲ್ ಬುಕ್ಕನ್ನ ನಿಮ್ಮ ಟೇಬಲ್ ಮೇಲೆ ಎಸೆದು "ದುಡ್ಡು ಕೊಟ್ಟು ಪಾಸಾಗಿದ್ಯಾ" ಅಂದ್ರು. ಸಾಹುಕಾರ್ರ ಹತ್ರ ಹೇಳ್ಕೊಂಡ್ರೆ "ಅವನ ಬಾಯಿ ಜೋರು ಕಣಮ್ಮ, ಮನಸ್ಸು ಒಳ್ಳೇದು, ತಲೆಗೆ ಹಚ್ಕೋಬೇಡ" ಅಂತ ಕಳಿಸಿದ್ರು. ಅದೇ ದಿನ ಸಂಜೆ ಸ್ಯಾಂಪಲ್ ತಂದ ಹುಡುಗಿ ಮೇಲೆ ನೀವು ಸುಮ್ಸುಮ್ನೆ ರೇಗಿದ್ರಿ, ಅವಳು ಏನೂ ಹೇಳ್ದೆ ತಲೆ ತಗ್ಗಿಸ್ಕೊಂಡು ಹೋದ್ಲು, ಅದಾದ್ಮೇಲೆ ರಾತ್ರಿ ನಿಮಗೆ ನಿದ್ದೆ ಬರ್ಲಿಲ್ಲ. ಸಹಿಸ್ಕೊಂಡು ಇರ್ಲಾ, ಕೆಲಸ ಬಿಡ್ಲಾ ಅಂತ ಕೇಳಿದೀರಿ.

ಮೊದ್ಲು ಆ ಸಾಹುಕಾರ್ರ ಮಾತು ತಗೋತೀನಿ, ಯಾಕಂದ್ರೆ ನನ್ನ ಪ್ರಕಾರ ಇಡೀ ಕಾಯಿಲೆ ಇರೋದು ಅಲ್ಲೇ. ಬಾಯಿ ಜೋರು, ಮನಸ್ಸು ಒಳ್ಳೇದು. ನಮ್ಮ ಕಡೆ ತೋಟದಲ್ಲಿ, ಆಫೀಸಲ್ಲಿ, ಆಸ್ಪತ್ರೇಲಿ, ಸ್ಕೂಲಲ್ಲಿ ಈ ಮಾತು ಕೇಳ್ದೆ ಇರೋ ಜಾಗನೇ ಇಲ್ಲ. ಆದ್ರೆ ಇದನ್ನ ಯಾರ ಬಗ್ಗೆ ಹೇಳ್ತಾರೆ ಅಂತ ಸ್ವಲ್ಪ ಗಮನಿಸಿ. ಯಾವಾಗ್ಲೂ ಮೇಲಿರೋರ ಬಗ್ಗೆನೇ. ನಾಳೆ ಒಬ್ಬ ಹಮಾಲ ಅದೇ ಮ್ಯಾನೇಜರ್ ಮುಂದೆ ನಿಂತು ಅಷ್ಟೇ ಜೋರಾಗಿ ಅದೇ ಮಾತು ತಿರುಗಿಸಿ ಅಂದ ಅಂತ ಇಟ್ಕೊಳ್ಳಿ, "ಪಾಪ ಅವನ ಬಾಯಿ ಹಂಗೆ, ಮನಸ್ಸು ಚಿನ್ನ" ಅಂತ ಯಾರಾದ್ರೂ ಅಂತಾರಾ? ಸಂಜೆಯೊಳಗೆ ಲೆಕ್ಕ ಚುಕ್ತಾ ಮಾಡಿ ಕಳಿಸ್ತಾರೆ. ಅದೇ ಮ್ಯಾನೇಜರ್ರು ಬ್ಯಾಂಕಿನೋರ ಹತ್ರ, ಎಕ್ಸ್‌ಪೋರ್ಟರ್ ಹತ್ರ, ಸಾಹುಕಾರ್ರ ಹತ್ರ ಎಷ್ಟು ಮೆತ್ತಗೆ ಮಾತಾಡ್ತಾರೆ ಅನ್ನೋದನ್ನೂ ನೀವು ನೋಡಿರ್ತೀರಿ. ಅಂದ್ಮೇಲೆ ಅದು ಸ್ವಭಾವ ಅಲ್ಲ, ಎಲ್ಲಿ ಕೂಗಿದ್ರೆ ನಡೀತದೆ ಎಲ್ಲಿ ನಡಿಯಲ್ಲ ಅಂತ ಅವರಿಗೆ ಚೆನ್ನಾಗೇ ಗೊತ್ತಿದೆ. ನಡೀತದೆ ಅನ್ನೋ ಕಡೆ ನಡೆಸ್ತಿದಾರೆ, ನಡೆಯೋಕೆ ಬಿಟ್ಟಿರೋರು ಸಾಹುಕಾರ್ರು. ಹಾಗಾಗಿ ಆ ಮನುಷ್ಯನ ಮನಸ್ಸು ಬದಲಾಯಿಸೋ ಕೆಲಸಕ್ಕೆ ನೀವು ಕೈ ಹಾಕ್ಬೇಡಿ, ಅದು ನಿಮ್ಮ ಕೆಲಸನೂ ಅಲ್ಲ. ನಡಿಯಲ್ಲ ಅಂತ ತೋರಿಸೋದು ಹೆಂಗೆ ಅನ್ನೋದನ್ನ ಮಾತ್ರ ನೋಡೋಣ.

"ಕೂಗ್ದೆ ಹೋದ್ರೆ ಕೆಲಸ ಆಗಲ್ಲ" ಅನ್ನೋ ಇನ್ನೊಂದು ವಾದ ಇದೆ, ಸಾಹುಕಾರ್ರು ನಿಮಗೆ ಅದನ್ನೂ ಹೇಳಬಹುದು. ಇದು ಸುಳ್ಳು ಅಂತ ನಾನು ಬರೀ ಅಭಿಪ್ರಾಯ ಹೇಳ್ತಿಲ್ಲ, ಪರೀಕ್ಷೆ ಮಾಡಿ ನೋಡಿದಾರೆ. ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯು ಡಾಕ್ಟರು ನರ್ಸುಗಳ 24 ತಂಡ ಮಾಡಿ, ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಸ್ಥಿತಿ ಇದ್ದಕ್ಕಿದ್ದಂಗೆ ಕೆಡೋದನ್ನ ಬೊಂಬೆ ಇಟ್ಟು ಟ್ರೈನಿಂಗ್ ಥರ ಮಾಡಿಸಿದ್ರು, 2015ರಲ್ಲಿ ಇದು ಪ್ರಕಟ ಆಯ್ತು. ಕೆಲವು ತಂಡಗಳಿಗೆ ಹೊರಗಿಂದ ಬಂದ ಎಕ್ಸ್‌ಪರ್ಟ್ ಒಬ್ಬರು ಸ್ವಲ್ಪ ಹೀನಾಯವಾಗಿ ಮಾತಾಡಿದ್ರು, ಬೈದಿದ್ದೂ ಅಲ್ಲ, ಬಿಲ್ ಬುಕ್ ಎಸೆದಿದ್ದಂತೂ ಅಲ್ವೇ ಅಲ್ಲ, ನಿಮ್ಮ ಮಟ್ಟ ಇಷ್ಟೇ ಅನ್ನೋ ಥರದ ಕೊಂಕು ಅಷ್ಟೇ. ಆ ತಂಡಗಳು ಕಾಯಿಲೆ ಗುರುತಿಸೋದ್ರಲ್ಲೂ ಹಿಂದೆ ಬಿದ್ವು, ಕೈಯಲ್ಲಿ ಮಾಡೋ ಚಿಕಿತ್ಸೇಲೂ ಹಿಂದೆ ಬಿದ್ವು. ಯಾಕೆ ಅಂತ ನೋಡಿದ್ರೆ ಅವರು ಒಬ್ಬರಿಗೊಬ್ಬರು ವಿಷಯ ಹೇಳ್ಕೊಳ್ಳೋದು, ಸಹಾಯ ಕೇಳೋದು ಕಮ್ಮಿ ಮಾಡಿಬಿಟ್ಟಿದ್ರು.

ಇದನ್ನ ನಿಮ್ಮ ಜಾಗಕ್ಕೆ ತಂದು ನೋಡಿ. ತೋಟದಿಂದ ಪಾರ್ಚ್‌ಮೆಂಟ್, ಅಂದ್ರೆ ಒಳಸಿಪ್ಪೆ ಇರೋ ಒಣಗಿಸಿದ ಕಾಫಿ ಬೀಜದ ಲೋಡ್ ಬರ್ತದೆ, ತೇವಾಂಶ ಸುಮಾರು 10 ಪರ್ಸೆಂಟ್ ಹತ್ರ ಇರ್ಬೇಕು, ಸ್ಯಾಂಪಲ್ ನೋಡೋ ಹುಡುಗಿಗೆ ಮೀಟರಲ್ಲಿ 13 ಕಾಣ್ತದೆ. ಮೂಟೆ ಆಗಲೇ ಇಳಿಸಿ ಒಳಗೆ ಅಟ್ಟಿ ಹಾಕಿ ಆಗಿದೆ, ಮೊದಲ ಸಲ ಅವಳು ಸರಿಯಾಗಿ ನೋಡಿರ್ಲಿಲ್ಲ. ಈಗ ಹೋಗಿ ಹೇಳಿದ್ರೆ ಎಲ್ಲರ ಮುಂದೆ ಮರ್ಯಾದೆ ಹೋಗ್ತದೆ ಅಂತ ಗೊತ್ತಿದ್ರೆ ಅವಳು ಹೇಳ್ತಾಳಾ? ಸುಮ್ನೆ ಇರ್ತಾಳೆ. ಆಮೇಲೆ ಆ ಲಾಟ್ ಬೂಸ್ಟು ಹಿಡಿದು, ವಾಸನೆ ಬಂದು, ಕಾಫಿ ಮಾಡಿ ರುಚಿ ನೋಡೋ ಕಪ್ ಟೇಸ್ಟಿಂಗ್‌ನಲ್ಲಿ ಬಿದ್ದಾಗ ಸಾಹುಕಾರ್ರಿಗೆ ಆಗೋ ನಷ್ಟಕ್ಕೆ ಕಾರಣ ಆ ಹುಡುಗಿಯ ಅಜಾಗರೂಕತೆ ಅಂತ ಬರ್ಕೋತಾರೆ, ಅವಳ ಬಾಯಿ ಮುಚ್ಚಿಸಿದ್ದು ಯಾರು ಅಂತ ಎಲ್ಲೂ ಬರ್ಕೊಳ್ಳಲ್ಲ. ಕೂಗೋ ಕಡೆ ತಪ್ಪು ಕಮ್ಮಿ ಆಗಲ್ಲ, ತಪ್ಪು ಅಡಗಿ ಕೂರ್ತದೆ. ಸಾಹುಕಾರ್ರ ಹತ್ರ ಮತ್ತೆ ಮಾತಾಡೋ ಪ್ರಸಂಗ ಬಂದ್ರೆ ನಿಮಗೆ ನೋವಾಯ್ತು ಅನ್ನೋದಕ್ಕಿಂತ ಈ ಮೂಟೆ ಲೆಕ್ಕ ಹೇಳಿ. ನಿಮ್ಮ ನೋವು ಸಣ್ಣದು ಅಂತಲ್ಲ, ಅವರಿಗೆ ಅರ್ಥ ಆಗೋ ಭಾಷೆ ಅದು.

ಸ್ಯಾಂಪಲ್ ತಂದ ಹುಡುಗಿ ವಿಷಯ. ನೀವು ಅದನ್ನ ಮುಚ್ಚಿಡದೆ ಬರೆದಿದ್ದು ನನಗೆ ತುಂಬ ಹಿಡಿಸ್ತು. ಆಂಡರ್‌ಸನ್ ಮತ್ತೆ ಪಿಯರ್‌ಸನ್ ಅನ್ನೋ ಇಬ್ಬರು ಸಂಶೋಧಕರು 1999ರಲ್ಲೇ ಬರೆದಿದ್ರು, ಕೆಲಸದ ಜಾಗದ ಒರಟುತನ ಒಬ್ಬರ ಹತ್ರ ನಿಲ್ಲಲ್ಲ, ಏಟಿಗೆ ಎದುರೇಟು ಅಂತ ಸುತ್ತಿ ಸುತ್ತಿ ಬೆಳೀತಾ ಹೋಗ್ತದೆ ಅಂತ. ನಮ್ಮಲ್ಲಿ ಎದುರೇಟು ಮೇಲಕ್ಕೆ ಹೋಗಲ್ಲ, ಕೆಳಗೇ ಇಳಿಯೋದು. ಸಾಹುಕಾರ್ರು ತೋಟದ ಲೆಕ್ಕ ನೋಡೋ ರೈಟರ್‌ಗೆ, ರೈಟರ್ ಮೇಸ್ತ್ರಿಗೆ, ಮೇಸ್ತ್ರಿ ಆಳಿಗೆ, ಆಳು ಮನೆಗೆ ಹೋಗಿ ಹೆಂಡ್ತಿಗೆ. ತೋಟದಲ್ಲಿ ಹುಟ್ಟಿ ಬೆಳೆದೋರಿಗೆ ಈ ಮೆಟ್ಟಿಲು ಹೊಸದಲ್ಲ. ಈಗ ಅದರ ಕೊನೇ ಮೆಟ್ಟಿಲಲ್ಲಿ ಅಸ್ಸಾಂ, ಬಂಗಾಳದಿಂದ ಬಂದ ಜನ ಇದಾರೆ, ಕನ್ನಡ ಬರಲ್ಲ ಅನ್ನೋ ಒಂದೇ ಕಾರಣಕ್ಕೆ ಅವರ ಮೇಲೆ ಇನ್ನೂ ಜೋರಾಗಿ ಕೂಗ್ತಾರೆ, ಜೋರಾಗಿ ಕೂಗಿದ್ರೆ ಕನ್ನಡ ಅರ್ಥ ಆಗ್ಬಿಡುತ್ತಾ? ನೀವು ನಾಳೆ ಬೆಳಿಗ್ಗೆನೇ ಆ ಹುಡುಗಿ ಹತ್ರ ಹೋಗಿ "ನಿನ್ನದೇನೂ ತಪ್ಪಿರ್ಲಿಲ್ಲ ಕಣಮ್ಮ, ಬೇರೆ ಸಿಟ್ಟು ನಿನ್ನ ಮೇಲೆ ತೀರಿಸ್ಕೊಂಡೆ" ಅನ್ನಿ, ಬೇರೆ ಹೆಂಗಸರು ಕೇಳಿಸ್ಕೊಂಡ್ರೂ ಪರವಾಗಿಲ್ಲ, ಕೇಳಿಸ್ಕೊಂಡ್ರೆ ಇನ್ನೂ ಒಳ್ಳೇದು. ರೇಗಿದ್ದು ಎಲ್ಲರ ಮುಂದೆ ತಾನೇ.

ಈಗ ಮ್ಯಾನೇಜರ್ರ ಹತ್ರ. ಅವರು ಕೂಗ್ತಿರೋ ಹೊತ್ತಲ್ಲಿ ವಾದಕ್ಕೆ ಇಳೀಬೇಡಿ, ಅಲ್ಲಿ ಜನ ಇರ್ತಾರೆ, ಅವರೂ ಸೋಲೋಕೆ ತಯಾರಿರಲ್ಲ. ಬೆಳಿಗ್ಗೆ ಲಾರಿ ಬರೋ ಮುಂಚೆ, ಆಫೀಸಲ್ಲಿ ಇಬ್ಬರೇ ಇರೋವಾಗ ಒಂದೇ ಮಾತು ಹೇಳಿ. "ಸರ್, ತಪ್ಪಾದ್ರೆ ಒಳಗೆ ಕರೆದು ತೋರ್ಸಿ, ಆವತ್ತೇ ಸರಿ ಮಾಡಿ ಕೊಡ್ತೀನಿ. ಎಲ್ಲರ ಮುಂದೆ ಕೂಗ್ಬೇಡಿ, ಪುಸ್ತಕ ಎಸೀಬೇಡಿ." ಅಷ್ಟೇ, ಜಾಸ್ತಿ ವಿವರಣೆ ಬೇಡ, ಹಳೇದೆಲ್ಲ ಕೆದಕೋದು ಬೇಡ, ಅಳು ಬಂದ್ರೆ ಬರ್ಲಿ, ಹೇಳೋದನ್ನ ಹೇಳಿ ಮುಗಿಸಿ. ಮನೇಲಿ ಒಂದೆರಡು ಸಲ ಬಾಯಿಬಿಟ್ಟು ಹೇಳಿ ರೂಢಿ ಮಾಡ್ಕೊಂಡು ಹೋಗಿ. ಮತ್ತೆ ಕೂಗಿದ್ರೆ ಒಂದು ಡೈರೀಲಿ ತಾರೀಖು, ಹೊತ್ತು, ಆಡಿದ ಮಾತು ಹೆಂಗಿತ್ತೋ ಹಂಗೇ, ಅಲ್ಲಿ ಯಾರ್‍ಯಾರಿದ್ರು ಅಂತ ಬರೆದಿಡಿ. ಕೆಲಸದ ಫೋನಲ್ಲೋ ಆಫೀಸ್ ಕಂಪ್ಯೂಟರಲ್ಲೋ ಬೇಡ, ಮನೇಲಿ ಇಡಿ.

ಇನ್ನು ಜೊತೆಯವರು. ಕೂಗಾಟ ಶುರು ಆದ್ರೆ ಎಲ್ರೂ ಲೆಡ್ಜರ್ ಒಳಗೆ ತಲೆ ಹಾಕ್ತಾರೆ, ಇಬ್ಬರು ನಗ್ತಾರೆ ಅಂತ ಬರೆದಿದೀರಿ. ಕ್ರಿಸ್ಟೀನ್ ಪೊರಾತ್, ಅಮೀರ್ ಎರೆಜ್ ಅನ್ನೋರು ಮಾಡಿದ ಪ್ರಯೋಗಗಳಲ್ಲಿ ಬೈಸ್ಕೊಂಡೋರು ಮಾತ್ರ ಅಲ್ಲ, ಪಕ್ಕದಲ್ಲಿ ನಿಂತು ಬರೀ ನೋಡಿದೋರೂ ಆಮೇಲಿನ ಕೆಲಸದಲ್ಲಿ ಹಿಂದೆ ಬಿದ್ದಿದ್ರು. ಆ ನಗೋ ಇಬ್ಬರಿಗೂ ಒಳಗೆ ಹೆದರಿಕೆನೇ ಇರೋದು. ಅವರಲ್ಲಿ ಒಬ್ಬರನ್ನ ಕೂರಿಸ್ಕೊಂಡು ಕೇಳಿ, ಮುಂದಿನ ಸಲ ನಡುವೆ ಎದ್ದು "ಸರ್, ಆ ಬಿಲ್ ಕೊಡಿ ಇಲ್ಲಿ, ನಾನೂ ಒಂದ್ಸಲ ನೋಡ್ತೀನಿ" ಅಂತೀರಾ ಅಂತ. ಜಗಳ ಅಲ್ಲ ಅದು, ಕೆಲಸದ ಮಾತೇ, ಆದ್ರೆ ಕೂಗಾಟದ ಓಟ ಅಲ್ಲಿಗೆ ಮುರಿಯುತ್ತೆ. ಒಬ್ಬರು ಎದ್ರೆ ಮುಂದಿನ ಸಲ ಇನ್ನೊಬ್ಬರು ಏಳೋಕೆ ಧೈರ್ಯ ಬರ್ತದೆ.

ನಿಮ್ಮ ಪತ್ರದಲ್ಲಿ ದೊಡ್ಡ ವಿಷಯ ಕೊನೇಲಿ ಒಂದೇ ಸಾಲಲ್ಲಿ ಬಂದು ಹೋಗಿದೆ. ಆಫೀಸ್ ಗುಡಿಸೋ ಅಮ್ಮನಿಗೆ ಕಾಫಿ ಕೊಡೋಕೆ ಬೇರೆ ಲೋಟ ಇದೆ, ಅದು ಹೊರಗೆ ಕಿಟಕಿ ಮೇಲೆ ಇರುತ್ತೆ, ಅವರೇ ತೊಳೆದು ಅಲ್ಲೇ ಇಡ್ಬೇಕು ಅಂತ ಬರೆದಿದೀರಿ. ಸಹೋದರಿ, ಬಿಲ್ ಬುಕ್ ಎಸೆದಿದ್ದು ಒರಟುತನ, ಇದು ಅಸ್ಪೃಶ್ಯತೆ. ಸಂವಿಧಾನದ 17ನೇ ವಿಧಿ ಇದನ್ನ ನಿಷೇಧ ಮಾಡಿದೆ, ಇದು ಅಪರಾಧ. ಇಡೀ ಕಾಫಿ ಸೀಮೆಗೆ ಕಾಫಿ ಕುಡಿಸೋ ಜಾಗದಲ್ಲಿ ಒಬ್ಬ ಹೆಂಗಸಿಗೆ ಒಳಗಿನ ಲೋಟ ಸಿಗಲ್ಲ ಅನ್ನೋದು ಓದಿ ನನಗೆ ಹೊಟ್ಟೆ ಉರೀತು. ನೀವು ಮರ್ಯಾದೆ ಕೇಳ್ತಿದೀರಿ, ಕೇಳ್ಬೇಕು, ಆದ್ರೆ ಆ ಕಿಟಕಿ ಮೇಲಿನ ಲೋಟ ಹಂಗೇ ಇದ್ರೆ ನಿಮಗೆ ಸಿಗೋ ಮರ್ಯಾದೆನೂ ಮೇಲಿನೋರ ದಯೆಯಿಂದ ಬಂದಿದ್ದಾಗುತ್ತೆ. ನಾಳೆಯಿಂದ ಅವರಿಗೆ ನಿಮ್ಮ ಲೋಟದ ಸಾಲಿನಿಂದಲೇ ಒಂದು ತೆಗೆದು ಕಾಫಿ ಕೊಡಿ, ಯಾರಾದ್ರೂ ಕೇಳಿದ್ರೆ ಉತ್ತರ ನೀವು ಕೊಡಿ, ಆ ಅಮ್ಮನನ್ನ ಮುಂದೆ ಮಾಡ್ಬೇಡಿ, ಯಾಕಂದ್ರೆ ಕೆಲಸ ಮೊದ್ಲು ಹೋಗೋದು ಅವರದ್ದು. ಅವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಬೇರೆ ಸಮುದಾಯದೋರು ನಾಲ್ಕು ಜನರ ಎದುರು ಜಾತಿ ಹಿಡಿದು ಹೀನಾಯ ಮಾಡಿದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ ಅನ್ನೋದೂ ಅವರಿಗೆ ಗೊತ್ತಿರ್ಲಿ.

ಕಾನೂನಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ಆಫೀಸಲ್ಲಿ ಕೂಗಾಡೋದಕ್ಕೆ ಅಂತಲೇ ನೇರವಾದ ಕಾನೂನು ನಮ್ಮಲ್ಲಿ ಇಲ್ಲ. ಆದ್ರೆ ಮಾತು ಹೆಣ್ಣುಮಕ್ಕಳ ಮೈ, ಉಡುಪು, ನಡತೆ ಕಡೆ ಅಶ್ಲೀಲವಾಗಿ ತಿರುಗಿದ್ರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬರ್ತದೆ. 10 ಜನ ಅಥವಾ ಜಾಸ್ತಿ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರ್ಲೇಬೇಕು, ಅದರ ಅಧ್ಯಕ್ಷರು ಹೆಂಗಸೇ ಆಗಿರ್ಬೇಕು, ದಿನಗೂಲಿಗೆ ಬೀಜ ಆರಿಸೋರೂ ದೂರು ಕೊಡಬಹುದು. ಘಟನೆ ಆಗಿ 3 ತಿಂಗಳೊಳಗೆ ಬರವಣಿಗೇಲಿ ಕೊಡ್ಬೇಕು, ಸರಿಯಾದ ಕಾರಣ ಇದ್ರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ದೂರು ಮಾಲೀಕರ ಮೇಲೇ ಇದ್ರೆ, ಅಥವಾ 10 ಜನಕ್ಕಿಂತ ಕಮ್ಮಿ ಇದ್ದು ಸಮಿತಿ ಇಲ್ದೆ ಹೋದ್ರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು.

ಈ ಅಂಕಣ ಓದೋ ಮಾಲೀಕರಿಗೂ ಒಂದು ಮಾತು. ಯಾರನ್ನೋ ಕರೆಸಿ ವ್ಯಕ್ತಿತ್ವ ವಿಕಸನ ಅಂತ ಒಂದು ದಿನ ಭಾಷಣ ಮಾಡಿಸಿದ್ರೆ ಏನೂ ಆಗಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2005ರಿಂದ ಒಂದು ಕ್ರಮ ಇದೆ. ಒಂದೊಂದು ವಿಭಾಗದ ಜನ ಸುಮಾರು ಆರು ತಿಂಗಳು ಆಗಾಗ ಸೇರಿ, ನಾವು ಒಬ್ಬರಿಗೊಬ್ಬರು ಹೆಂಗೆ ನಡ್ಕೋತಿದೀವಿ, ಯಾವುದು ನೋಯಿಸ್ತದೆ, ಏನು ಬದಲಾಯಿಸ್ಬೇಕು ಅಂತ ತಾವೇ ಕೂತು ಮಾತಾಡೋದು. ಆಮೇಲೆ ಕೆನಡಾದ ಆಸ್ಪತ್ರೆಗಳಲ್ಲೂ ಮಾಡಿ ನೋಡಿದ್ರು, ಮಾಡಿದ ವಿಭಾಗಗಳಲ್ಲಿ ನಡವಳಿಕೆ ಸುಧಾರಿಸಿತ್ತು. ನಮ್ಮಲ್ಲಿ ಅಷ್ಟೆಲ್ಲ ಬೇಡ, ವಾರದ ಬಟವಾಡೆ ದಿನ ಹತ್ತು ನಿಮಿಷ ಎಲ್ಲರನ್ನೂ ಒಂದೇ ಎತ್ತರದಲ್ಲಿ ಕೂರಿಸಿ ಕೇಳಿ, ಮೊದ್ಲು ಮಾತಾಡೋಕೆ ಅವಕಾಶ ಬೀಜ ಆರಿಸೋರಿಗೆ ಕೊಡಿ. ಮೊದಮೊದಲು ಯಾರೂ ಬಾಯಿ ಬಿಡಲ್ಲ. ಹೇಳಿದೋರಿಗೆ ತೊಂದರೆ ಆಗಲ್ಲ ಅಂತ ಗೊತ್ತಾದ್ಮೇಲೆ ಹೇಳ್ತಾರೆ.

ಕಡೆಗೆ ನಿಮ್ಮ ಪ್ರಶ್ನೆ, ಇರ್ಲಾ ಬಿಡ್ಲಾ. ಸಿಟ್ಟಲ್ಲಿ ಬಿಡ್ಬೇಡಿ, ಸುಮ್ನೆ ಸಹಿಸ್ಕೊಂಡೂ ಇರ್ಬೇಡಿ. ಈ ಸೀಸನ್ ಮುಗಿಯೋವರೆಗೆ ಅಂತ ನಿಮಗೆ ನೀವೇ ಗಡುವು ಹಾಕ್ಕೊಳ್ಳಿ. ಮ್ಯಾನೇಜರ್ರಿಗೆ ಹೇಳಿ, ಸಾಹುಕಾರ್ರಿಗೆ ಮತ್ತೊಮ್ಮೆ ಹೇಳಿ, ಈ ಸಲ ಬರವಣಿಗೇಲಿ ಕೊಟ್ಟು ಒಂದು ಕಾಪಿ ಇಟ್ಕೊಳ್ಳಿ, ಜೊತೆಗೆ ಬೇರೆ ಕಡೆ ನೋಡ್ತಾನೂ ಇರಿ. ಕಾಫಿ ಲೆಕ್ಕ, ಜಿಎಸ್‌ಟಿ, ಟ್ಯಾಲಿ ಮೂರೂ ಬರೋ ನಿಮಗೆ ಚಿಕ್ಕಮಗಳೂರಲ್ಲೂ ಹಾಸನದಲ್ಲೂ ಕೆಲಸ ಸಿಗ್ತದೆ. ಗಡುವಿನ ಹೊತ್ತಿಗೆ ಏನೂ ಬದಲಾಗದೆ ಹೋದ್ರೆ ಬಿಡಿ, ಅದು ಸೋಲಲ್ಲ. ಆದ್ರೆ ಈಗಿಂದಲೇ ಸಂಬಳದ ಸ್ಲಿಪ್ಪು, ಕೆಲಸಕ್ಕೆ ಸೇರಿದ ಪತ್ರ, ಪಿಎಫ್ ಇದ್ರೆ ಅದರ ಯುಎಎನ್ (ಕೆಲಸ ಬದಲಾದ್ರೂ ಬದಲಾಗದ ಪಿಎಫ್ ಗುರುತಿನ) ನಂಬರ್ ಎಲ್ಲ ಒಂದು ಕಡೆ ಮಾಡಿ ಇಟ್ಕೊಳ್ಳಿ, ಬಿಡೋ ಮುಂಚೆ ಅನುಭವ ಪತ್ರ ಕೈಗೆ ತಗೊಳ್ಳಿ. ಕೊಡೋಕೆ ಸತಾಯಿಸಿದ್ರೆ ನಮಗೆ ಇನ್ನೊಂದು ಪತ್ರ ಬರೀರಿ, ಲೇಬರ್ ಆಫೀಸಿಗೆ ಅರ್ಜಿ ಬರೆಯೋಕೆ ನಾವೇ ಜೊತೇಲಿ ಕೂರ್ತೀವಿ.

ಸಂಪಾದಕ