ಕಡ ಅಂದರೆ ಅಂಗಡಿಯೋ, ಸಾಲವೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೀನಸು ಸಾಮಾನಿನ ಬಗ್ಗೆ. ತಪ್ಪು ನನ್ನದೇ. ಹೋದ ತಿಂಗಳು ಇಲ್ಲಿ ನನ್ನ ಇಂಗಿನ ಕಥೆ ಬರೆದಿದ್ದೆ. ಓದದವರಿಗಾಗಿ ಎರಡೇ ಮಾತು: ಮಗ ಫೋನಿಗೆ ಸಾಮಾನು ತರಿಸುವ ಆ್ಯಪ್ ಹಾಕಿಕೊಟ್ಟ. ನನಗೆ ಒಂದು ಡಬ್ಬಿ ಇಂಗು ಬೇಕಿತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ನಮ್ಮ ಗುಡ್ಡೆಯಲ್ಲಿ ನೆಟ್‌ವರ್ಕ್ ಬರುವುದೇ ಒಂದು ಮೂಲೆಯಲ್ಲಿ. ಒತ್ತಿದ್ದು ತಾಗಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದೆ. ನಾಲ್ಕನೆಯ ದಿನ ಏಳು ಡಬ್ಬಿ ಬಂತು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಅನ್ನುತ್ತಾರೆ. ತೆಂಗು ತೋಟದಲ್ಲಿದೆ, ಇಂಗು ಏಳು ಡಬ್ಬಿ ಇದೆ. ಇನ್ನು ನನ್ನ ಅಡುಗೆಗೆ ಯಾರೂ ಹೆಸರಿಡುವ ಹಾಗಿಲ್ಲ.

ಪತ್ರಗಳಿಗೆ ಬರೋಣ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಕುಂಬಳೆಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ಅಂಗಡಿಯ ಬೋರ್ಡು, ಬೆಲೆಪಟ್ಟಿ, ಬಿಲ್ಲು ಎಲ್ಲ ಮಲಯಾಳ. ಮೊನ್ನೆ ಪಕ್ಕದಲ್ಲಿ ನಿಂತವರು ಪಟ್ಟಿ ನೋಡಿ "ಶರ್ಕರ" ಅಂತ ಓದಿದರು. ಸಕ್ಕರೆ ಅಂದುಕೊಂಡು ಎರಡು ಕಿಲೋ ಕಟ್ಟಿಸಿದೆ. ಮನೆಗೆ ಬಂದು ಬಿಚ್ಚಿದರೆ ಬೆಲ್ಲ. ಅತ್ತೆ ನಕ್ಕರು. ನಾನು ಅತ್ತೆ. ಏನು ಮಾಡಲಿ? — ಒಬ್ಬ ಸೊಸೆ, ಕುಂಬಳೆ

ಮೊದಲು ಆ ಬೆಲ್ಲದಲ್ಲಿ ಪಾಯಸ ಮಾಡಿ. ನಕ್ಕವರಿಗೇ ಮೊದಲು ಬಡಿಸಿ.

ಮಲಯಾಳದಲ್ಲಿ ಶರ್ಕರ ಅಂದರೆ ಬೆಲ್ಲವೇ. ಸಕ್ಕರೆ ಬೇಕಾದರೆ ಪಂಚಸಾರ ಅನ್ನಬೇಕು. ಇಂಥ ಗುಂಡಿಗಳು ಇನ್ನೂ ಒಂದೆರಡು ಇವೆ, ಬಿದ್ದವಳಾಗಿ ಹೇಳುತ್ತೇನೆ. ಮಲ್ಲಿ ಅಂದರೆ ಹೂವು ಅಲ್ಲ, ಕೊತ್ತಂಬರಿ. ಪಯರ್ ಅಂದರೆ ಅಲಸಂದೆ, ಅದಕ್ಕೆ ಚೆರು ಸೇರಿಸಿದರೆ ಹೆಸರುಕಾಳು. ಪರಿಪ್ಪ್ ಅಂದರೆ ಬೇಳೆ. ಉಲುವ ಅಂದರೆ ಮೆಂತೆ. ಸವಾಳ ಅಂದರೆ ನಮ್ಮ ದೊಡ್ಡ ನೀರುಳ್ಳಿ. ಅಕ್ಕಿಗೆ ಅರಿ, ತುಳುವಿನಲ್ಲೂ ಅದೇ. ಪಚ್ಚರಿ ಅಂದರೆ ಬೆಳ್ತಿಗೆ (ಬೇಯಿಸದೆ ಮಾಡಿದ ಬಿಳಿ ಅಕ್ಕಿ), ಪುಳುಂಗಲರಿ ಅಂದರೆ ಕುಚ್ಚಲಕ್ಕಿ. ಉಪ್ಪಿಗೆ ಮಾತ್ರ ಎಲ್ಲರೂ ಉಪ್ಪು ಅಂತಲೇ ಅನ್ನುತ್ತಾರೆ. ಅಷ್ಟಾದರೂ ಒಗ್ಗಟ್ಟು ಇದೆ.

ಪ್ಯಾಕೆಟಿನ ವಿಷಯದಲ್ಲಿ ಹೆದರಬೇಡಿ. ಅದರ ಮೇಲೆ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲೇಬೇಕು ಅಂತ ಕಾನೂನಿದೆ. ಬಿಡಿ ಸಾಮಾನಿಗೆ ಆ ಅನುಕೂಲ ಇಲ್ಲ. ಅದಕ್ಕೆ ಬಾಯಿಯೇ ಬೇಕು. ಕನ್ನಡದಲ್ಲೇ ಕೇಳಿ ನೋಡಿ. ಕುಂಬಳೆಯ ಅಂಗಡಿಯಲ್ಲಿ ಕನ್ನಡ ಬಾರದವರು ಸಿಗುವುದೇ ಕಡಿಮೆ.

ನಾನು ಮಲಯಾಳ ಅಕ್ಷರ ಕಲಿತದ್ದು ಹೇಗೆ ಗೊತ್ತಾ? ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಾನು ಹುಟ್ಟಿದ್ದು ಮರುವರ್ಷ. ಕಲಿತದ್ದೂ ಕನ್ನಡ ಶಾಲೆ, ಮುಂದೆ ಮೂವತ್ತು ವರ್ಷ ಕಲಿಸಿದ್ದೂ ಕನ್ನಡ ಶಾಲೆಯಲ್ಲೇ. ಆದರೆ ಅಪ್ಪ ಪೇಟೆಯಿಂದ ತರುತ್ತಿದ್ದ ಪೊಟ್ಟಣಗಳಿಗೆ ಶಾಲೆಯ ನಿಯಮ ಇರಲಿಲ್ಲ. ಕೊತ್ತಂಬರಿ ಕನ್ನಡ ಪೇಪರಿನಲ್ಲಿ ಬಂದರೆ ಸಾಸಿವೆ ಮಲಯಾಳ ಪೇಪರಿನಲ್ಲಿ. ಕಾಗದ ಹರಿಯದ ಹಾಗೆ ಬಿಚ್ಚಬೇಕು. ಸಣಬಿನ ದಾರ ಸುತ್ತಿ ಡಬ್ಬಿಗೆ ಹಾಕಬೇಕು. ಆಮೇಲೆ ಕಾಗದ ನಮ್ಮದು. ಸಿನಿಮಾ ಜಾಹೀರಾತಿನ ಚಿತ್ರ ನೋಡಿ ಹೆಸರು ಊಹಿಸುವುದು, ಆ ಹೆಸರಿನಿಂದ ಅಕ್ಷರ ಹಿಡಿಯುವುದು. ಶಾಯಿ ಹೊಟ್ಟೆಗೆ ಕೆಟ್ಟದ್ದು ಅಂತ ಈಗ ತಿನ್ನುವ ಪದಾರ್ಥವನ್ನು ಹಳೆಯ ಪೇಪರಿನಲ್ಲಿ ಕಟ್ಟುವ ಹಾಗಿಲ್ಲ. ಸರಿಯೇ. ಆದರೆ ನಿಮಗೆ ಕಲಿಯಲು ಸಾಸಿವೆಯ ಪೊಟ್ಟಣ ಸಿಗುವುದಿಲ್ಲ. ನಿಮ್ಮ ಅತ್ತೆಗೆ ಓದಲು ಬಂದರೆ ಅವರ ಹತ್ತಿರವೇ ಹೇಳಿಸಿಕೊಳ್ಳಿ. ನಕ್ಕದ್ದಕ್ಕೆ ಅದು ದಂಡ.

ಇನ್ನೊಂದು ಮಾತು. ಮಲಯಾಳದಲ್ಲಿ ಕಡ ಅಂದರೆ ಅಂಗಡಿ. ನಮ್ಮ ಕನ್ನಡದಲ್ಲೂ ತುಳುವಿನಲ್ಲೂ ಕಡ ಅಂದರೆ ಸಾಲ. ಸಣ್ಣವಳಿರುವಾಗ ನನಗೆ ಇದರಲ್ಲಿ ಗೊಂದಲವೇ ಆಗುತ್ತಿರಲಿಲ್ಲ. ಎರಡೂ ಸಿಗುತ್ತಿದ್ದದ್ದು ಒಂದೇ ಕಡೆ.

ಮುಳ್ಳೇರಿಯ ಹತ್ತಿರ ನನ್ನದೊಂದು ಅಂಗಡಿ. ಅಪ್ಪನ ಕಾಲದ್ದು. ಅಕ್ಕಿ, ಎಣ್ಣೆ, ಬೇಳೆಯನ್ನೆಲ್ಲ ಜನ ಕಾಸರಗೋಡಿನ ದೊಡ್ಡ ಸೂಪರ್ ಮಾರ್ಕೆಟಿನಿಂದ ಕಾರಿನಲ್ಲಿ ತರುತ್ತಾರೆ. ನನ್ನ ಹತ್ತಿರ ಬೆಂಕಿಪೊಟ್ಟಣಕ್ಕೆ ಬರುತ್ತಾರೆ. ಕಡಕ್ಕೆ ಬರುತ್ತಾರೆ. ಊರಿನ ಅಂಗಡಿ ಉಳಿಸಿ ಅಂತ ನೀವೊಮ್ಮೆ ಬರೆಯಬೇಕು. — ಅಂಗಡಿಯವ

ಬರೆಯಬಹುದಿತ್ತು. ಆದರೆ ನಾನೂ ತಿಂಗಳಿಗೊಮ್ಮೆ ಕಾಸರಗೋಡಿನಿಂದ ಕಾರಿನಲ್ಲಿ ತರುವವಳೇ. ಹಾಗಿರುವಾಗ ನಿಮಗೆ ಸುಮ್ನೆ ಸಮಾಧಾನ ಹೇಳಿದರೆ ಸುಳ್ಳಾಗುತ್ತದೆ.

ಹಳೆಯ ಅಂಗಡಿಯ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮಲ್ಲಿ ದುಡ್ಡು ಬರುವುದು ಅಡಿಕೆ ಕೊಟ್ಟಾಗ. ಊಟ ಮಾತ್ರ ದಿನಾ ಬೇಕು. ನಡುವಿನ ತಿಂಗಳುಗಳು ಅಂಗಡಿಯ ಪುಸ್ತಕದಲ್ಲಿ ಕಳೆಯುತ್ತಿದ್ದವು. ಎಷ್ಟೋ ಕಡೆ ಜೀನಸು ಕೊಡುವವನೇ ಅಡಿಕೆ ತೆಗೆದುಕೊಳ್ಳುವವನು. ಕಡ ಇರುವವರು ಅಡಿಕೆಯ ದರವನ್ನೂ ಕೇಳುವ ಹಾಗಿಲ್ಲ, ಬೇಳೆಯ ದರವನ್ನೂ ಕೇಳುವ ಹಾಗಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಅಡಿಕೆ ಬೆಲೆ ಬಿದ್ದಾಗ ಅಪ್ಪ ಹುಳ ಬಿದ್ದ ತೊಗರಿಬೇಳೆ ತಂದದ್ದು ನನಗೆ ನೆನಪಿದೆ. ಅಮ್ಮ ಮೊರದಲ್ಲಿ ಕೇರುತ್ತಾ ಒಂದು ಮಾತೂ ಆಡಲಿಲ್ಲ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಶುರುವಾಯಿತು. ಅಡಿಕೆ ಕೊಡಲು ಇನ್ನೊಂದು ಬಾಗಿಲು ತೆರೆಯಿತು. ಅಪ್ಪ ಅಂಗಡಿಯಲ್ಲಿ "ಇದಕ್ಕೆಷ್ಟು?" ಅಂತ ಕೇಳಲು ಶುರು ಮಾಡಿದ್ದು ಆ ಮೇಲೆ. ಹಾಗಾಗಿ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ.

ಇನ್ನೊಂದು ಬದಿಯೂ ಇದೆ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಹೆದರಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡು ಬೇರೆಯೇ ಕಥೆ. ಸಾಮಾನಿನ ಲಾರಿಗಳೂ ಸಲೀಸಾಗಿ ಬರುತ್ತಿರಲಿಲ್ಲ. ಆಗ ನಮ್ಮ ಓಣಿಯ ಅಂಗಡಿಯವರು ಮಾಡಿದ್ದು ಇಷ್ಟು: ಇದ್ದ ಸಕ್ಕರೆಯನ್ನು ಅರ್ಧರ್ಧ ಕಿಲೋ ಕಟ್ಟಿದರು. ಯಾರ ಮನೆಯಲ್ಲಿ ಸಣ್ಣ ಮಗು, ಯಾರ ಮನೆಯಲ್ಲಿ ಬಾಣಂತಿ ಅಂತ ಅವರಿಗೆ ಬಾಯಿಪಾಠ. ಅಲ್ಲಿಗೆ ಮೊದಲು ಕಳಿಸಿದರು. ನಮ್ಮ ಮನೆಗೆ ಸಕ್ಕರೆ ಕಳಿಸಲಿಲ್ಲ. "ಟೀಚರಿಗೆ ಶುಗರ್ ಇದೆ" ಅಂದರಂತೆ! ಯಾವ ಆ್ಯಪ್ ಇಷ್ಟು ತಿಳಿದೀತು? ಸಿಟ್ಟು ಬಂತು, ನಿಜ. ಆದರೆ ಅವರು ಹೇಳಿದ್ದು ಸರಿ ಇತ್ತು.

ಈಗ ನಿಮಗೆ ಕಹಿ ಮಾತು. ಹೆಂಗಸರು ಸೂಪರ್ ಮಾರ್ಕೆಟಿಗೆ ಯಾಕೆ ಹೋಗುತ್ತಾರೆ ಅಂತ ಯೋಚಿಸಿದ್ದೀರಾ? ಬೆಲೆ ಕಡಿಮೆ ಅಂತ ಮಾತ್ರ ಅಲ್ಲ. ಎಷ್ಟೋ ಸಲ ಅಲ್ಲೇ ಜಾಸ್ತಿ. ಅಲ್ಲಿ ಮುಟ್ಟಿ ನೋಡಬಹುದು. ಬೇಡವಾದರೆ ವಾಪಸ್ ಇಡಬಹುದು. "ಏನು ಬೇಕಿತ್ತು?" ಅಂತ ಯಾರೂ ಕೇಳುವುದಿಲ್ಲ. ನಿಮ್ಮಂಥ ಅಂಗಡಿಯ ಜಗಲಿಯಲ್ಲಿ ನಾಲ್ಕು ಗಂಡಸರು ಪೇಪರು ಓದುತ್ತಾ ಕೂತಿರುತ್ತಾರೆ. ಅವರ ಎದುರು ನಿಂತು ಹುಡುಗಿಯೊಬ್ಬಳು ತನಗೆ ಬೇಕಾದ್ದನ್ನು ಕೇಳಬೇಕು. ಕೊಟ್ಟದ್ದನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತೀರಿ, ನಾಚಿಕೆಯ ವಸ್ತು ಎಂಬ ಹಾಗೆ. ನನ್ನ ಸೊಸೆ ಹೇಳಿದ ಮಾತು ಇದು. ಆ ಬೆಂಚನ್ನು ಸ್ವಲ್ಪ ಆಚೆ ಹಾಕಿ. ಬೆಲೆಯನ್ನು ಎರಡು ಭಾಷೆಯಲ್ಲಿ ಬರೆದು ತೂಗುಹಾಕಿ. ಹೆಂಗಸರು ಒಳಗೆ ಬಂದು ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಲಿ.

ದೊಡ್ಡವರಲ್ಲಿ ಇಲ್ಲದ್ದನ್ನು ಇಡಿ. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ಅಷ್ಟು ದುಡ್ಡು ಕೊಡುವಾಗ ಎಣ್ಣೆ ಎಲ್ಲಿ ಆಡಿಸಿದ್ದು ಅಂತ ಎಲ್ಲರೂ ಕೇಳಿದರು. ಹತ್ತಿರದ ಮಿಲ್ಲಿನದ್ದು ನೀವು ಇಟ್ಟರೆ ಅದನ್ನು ಹುಡುಕಿಕೊಂಡು ಬರುತ್ತಾರೆ. ಊರ ಹೆಂಗಸರ ಹಲಸಿನ ಹಪ್ಪಳ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಉಪ್ಪು ಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಇಡಿ. 50 ಗ್ರಾಂ ಜೀರಿಗೆ ಕೊಡಲು ಬೇಸರಿಸಬೇಡಿ. ಕಡ ಕೊಡಿ, ಆದರೆ ಎರಡು ಪುಸ್ತಕ ಇರಲಿ, ಒಂದು ಅವರ ಕೈಯಲ್ಲಿ. ಬೆಂಕಿಪೊಟ್ಟಣಕ್ಕೂ ಫೋನಿನಲ್ಲೇ ದುಡ್ಡು ಹಾಕುವವರಿಗೆ ಕಡ ಯಾಕೆ ಬೇಕು ಅಂತ ಒಮ್ಮೆ ಕೇಳಿಯೂ ನೋಡಿ.

ಇದು ಓದಿ ಸಿಟ್ಟು ಬಂದರೆ ಬೈದು ಬರೆಯಿರಿ. ಹಾಕುತ್ತೇನೆ.

ಬಿಡಿ ಅಕ್ಕಿ ಒಳ್ಳೆಯದೋ, ಪ್ಯಾಕೆಟ್ ಅಕ್ಕಿಯೋ? — ಗೃಹಿಣಿ, ನೀರ್ಚಾಲು

ಅಕ್ಕಿ ಅಕ್ಕಿಯೇ. ಆದರೆ 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕಿಲೋವರೆಗೆ ನೂರಕ್ಕೆ 5ರಂತೆ ಜಿಎಸ್‌ಟಿ ಬಂತು. ಚೀಲದಿಂದ ತೂಗಿ ಕೊಟ್ಟದ್ದಕ್ಕೆ ಇಲ್ಲ. ಕುಚ್ಚಲಕ್ಕಿ ನಾನು ಬಿಡಿಯೇ ತರುವುದು, ಮೂಸಿ ನೋಡಿ. ರವೆ ಮಾತ್ರ ಪ್ಯಾಕೆಟಿನದ್ದು. ನಾಲ್ಕು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕಿದರೆ ಹುಳದ ಕಾಟ ಇಲ್ಲ.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಇಬ್ಬರೇ ಪೆರ್ಲದಲ್ಲಿ. ಅವರಿಗೆ ಕಷ್ಟ ಆಗಬಾರದು ಅಂತ ತಿಂಗಳ ಸಾಮಾನು ಇಲ್ಲಿಂದಲೇ ಫೋನಿನಲ್ಲಿ ಬುಕ್ ಮಾಡುತ್ತೇನೆ. ಅಮ್ಮ ಪೆಟ್ಟಿಗೆ ಬಿಚ್ಚುವುದೇ ಇಲ್ಲ. ಎರಡು ತಿಂಗಳದ್ದು ಚಾವಡಿಯಲ್ಲಿ ಹಾಗೇ ಇದೆ. ಯಾಕೆ ಹೀಗೆ? — ಮಗ

ನೀವು ಅಮ್ಮನ ಹತ್ತಿರ ಪಟ್ಟಿ ಕೇಳಿದಿರಾ? ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಅದಕ್ಕೆ ಕೇಳಿದೆ.

ನನ್ನ ಅಮ್ಮ ಐವತ್ತು ದಾಟುವವರೆಗೆ ಜೀನಸಿನ ಅಂಗಡಿಯ ಒಳಗೆ ಕಾಲಿಟ್ಟವಳಲ್ಲ. ಪೇಟೆ ಅಪ್ಪನದು, ಪಟ್ಟಿ ಅಮ್ಮನದು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆಯುತ್ತಿದ್ದಳು. ಅಕ್ಕಿ ಅದರಲ್ಲಿ ಇರುತ್ತಿರಲಿಲ್ಲ, ಅದು ಗದ್ದೆಯದ್ದು, ಬೈಹುಲ್ಲಿನ ಮುಡಿ ಕಟ್ಟಿ ಇಟ್ಟದ್ದು. ಸೌತೆಕಾಯಿ ಬಾಳೆಯ ಹಗ್ಗದಲ್ಲಿ ತೊಲೆಯಿಂದ ನೇತಾಡುತ್ತಿತ್ತು. ಹಾಗಾಗಿ ಉಪ್ಪು, ಬೆಲ್ಲ, ಮೆಣಸು, ಬೇಳೆ, ಸೀಮೆಎಣ್ಣೆ. ಅಪ್ಪ ಪಟ್ಟಿ ಹಿಡಿದು ಜಗಲಿಯಲ್ಲಿ ಕೂತು ಒಂದಾದರೂ ಹೊಡೆದುಹಾಕುತ್ತಿದ್ದರು. ಅಮ್ಮನಿಗೆ ಅದು ಗೊತ್ತಿತ್ತು. ಪ್ರತಿ ಸಲ ಬೇಡದ ಒಂದು ಸಾಮಾನು ಸೇರಿಸಿಯೇ ಬರೆಯುತ್ತಿದ್ದಳು, ಗೋಡಂಬಿ ಕಾಲು ಕಿಲೋ ಅಂತ. ಅಪ್ಪ ಗೋಡಂಬಿ ಹೊಡೆದು ತೃಪ್ತಿಪಡುತ್ತಿದ್ದರು. ಉಳಿದದ್ದೆಲ್ಲ ಮನೆಗೆ ಬರುತ್ತಿತ್ತು.

ನಿಮ್ಮ ಅಮ್ಮನಿಗೂ ಇಂಥದ್ದೇನೋ ಒಂದು ಲೆಕ್ಕ ಇರುತ್ತದೆ. ಯಾವ ಡಬ್ಬಿಯಲ್ಲಿ ಎಷ್ಟಿದೆ, ಯಾವಾಗ ಮುಗಿಯುತ್ತದೆ ಅಂತ ಕಣ್ಣು ಮುಚ್ಚಿ ಹೇಳುವವರು ಅವರು. ನೀವು ಕೇಳದೆ ಪೆಟ್ಟಿಗೆ ಕಳಿಸಿದಿರಿ. ಇನ್ನು ಅಪ್ಪನ ವಿಷಯ. ಪೇಟೆಗೆ ಹೋಗುವುದು ಅವರಿಗೆ ಬರೀ ಸಾಮಾನಿಗಲ್ಲ, ಅಲ್ವಾ? ಒಂದು ಚಹಾ, ಅಡಿಕೆಯ ದರ, ಯಾರಿಗೆ ಹುಷಾರಿಲ್ಲ, ಯಾರ ಮಗಳ ಮದುವೆ. ಅದೂ ನಿಂತುಹೋಗಿರುತ್ತದೆ.

ಫೋನ್ ಬೇಡ ಅನ್ನುವುದಿಲ್ಲ. ಭಾರದ ವಸ್ತು ತರಿಸಿ: ಎಣ್ಣೆಯ ಕ್ಯಾನು, ಸಾಬೂನು, ಗೋಧಿಹಿಟ್ಟು. ಭಾನುವಾರ ಫೋನ್ ಮಾಡಿ ಅಮ್ಮ ಪಟ್ಟಿ ಹೇಳಲಿ, ನೀವು ಬರೆದುಕೊಳ್ಳಿ. ಗೋಡಂಬಿ ಅಂದರೆ ಹೊಡೆದುಹಾಕಬೇಡಿ. ಬೇಳೆ, ಮೆಣಸು, ಬೆಲ್ಲ ಪೆರ್ಲದ ಪೇಟೆಯಿಂದಲೇ ಬರಲಿ. ಚಾವಡಿಯಲ್ಲಿರುವ ಪೆಟ್ಟಿಗೆ ಈ ಸಲ ಊರಿಗೆ ಹೋದಾಗ ನೀವೇ ಬಿಚ್ಚಿ ಡಬ್ಬಿಗೆ ತುಂಬಿಸಿ. ಯಾವುದು ಯಾವ ಡಬ್ಬಿಗೆ ಅಂತ ಅಮ್ಮನನ್ನು ಕೇಳಿ.

ಕರ್ನಾಟಕದ ರೇಷನ್ ಕಾರ್ಡಿಗೆ ಇಲ್ಲಿ ಅಕ್ಕಿ ಸಿಗುತ್ತದಾ? — ಕೂಲಿ ಕೆಲಸದವರು, ಉಪ್ಪಳ

ನಿಮ್ಮದು 2013ರ ಆಹಾರ ಭದ್ರತಾ ಕಾಯ್ದೆಯ ಅಡಿಯಲ್ಲಿ ಬರುವ ಕಾರ್ಡಾಗಿದ್ದು, ಆಧಾರ್ ಜೋಡಿಸಿದ್ದರೆ ಸಿಗುತ್ತದೆ. ಒಂದು ದೇಶ ಒಂದು ಕಾರ್ಡು ಅನ್ನುವ ಯೋಜನೆ ಅದೇ. ನಮ್ಮ ಕೇರಳದ ಹಳದಿ, ಗುಲಾಬಿ ಕಾರ್ಡಿನವರಿಗೂ ಆಚೆ ಹೋದರೆ ಇದೇ ಅನುಕೂಲ. ನೀಲಿ, ಬಿಳಿ ಕಾರ್ಡಿಗೆ ಇಲ್ಲ. ರೇಷನ್ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹೋಗಬೇಡಿ, ಸುಮ್ನೆ ಬಿಸಿಲಲ್ಲಿ ಬಾಗಿಲು ಕಾಯಬೇಕಾಗುತ್ತದೆ.

ಇಂಗು ಮುಗಿಯಿತಾ? — ಹಳೆಯ ವಿದ್ಯಾರ್ಥಿ, ಮಂಜೇಶ್ವರ

ಎಲ್ಲಿ ಮುಗಿಯುವುದು! ಒಂದು ಡಬ್ಬಿ ಒಡೆದಿದ್ದೇನೆ. ಎರಡು ನೆಂಟರಿಗೆ ಹೋಯಿತು. ಒಂದನ್ನು ನಮ್ಮ ಓಣಿಯ ಅಂಗಡಿಯವರ ಹತ್ತಿರ ಬದಲಿಗೆ ಕೊಡಲು ಹೋದೆ. ಅವರು ಡಬ್ಬಿ ತಿರುಗಿಸಿ ಬೆಲೆ ನೋಡಿದರು. "ಟೀಚರೇ, ನನ್ನಲ್ಲಿ ಇದಕ್ಕೆ ಹನ್ನೆರಡು ರೂಪಾಯಿ ಕಡಿಮೆ" ಅಂದರು. ಮೂರು ಉಳಿದಿದೆ. ಈ ಕಡೆ ಬಂದರೆ ಒಂದು ತೆಗೆದುಕೊಂಡು ಹೋಗು.