ಪ್ರಿಪೋನ್ ಅನ್ನೋ ಪದ ಇದ್ಯಾ? ಓದುಗರ ಇಂಗ್ಲಿಷ್ ಪ್ರಶ್ನೆಗಳು

ಪ್ರಶ್ನೆ: ವೈಟ್‌ಫೀಲ್ಡಲ್ಲಿ ಸಾಫ್ಟ್‌ವೇರ್ ಕೆಲಸ ನಂದು. ಮೀಟಿಂಗ್ ಪ್ರಿಪೋನ್ ಮಾಡೋಣ ಅಂತ ಮೇಲ್ ಹಾಕಿದ್ದಕ್ಕೆ ಲಂಡನ್ ಟೀಮಿನವರೊಬ್ರು ಅಂಥ ಪದಾನೇ ಇಲ್ಲ ಅಂದ್ಬಿಟ್ರು, ಎಲ್ಲರ ಮುಂದೆ ಅವಮಾನ ಆಯ್ತು. ನಿಜವಾಗ್ಲೂ ಇಲ್ವಾ ಮೇಡಂ?

ಉತ್ತರ: ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಲೇ ಇದೆ, ತಲೆ ತಗ್ಗಿಸಬೇಡಿ. 1913ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದ ಒಬ್ರು ಪೋಸ್ಟ್‌ಪೋನ್‌ಗೆ ಎದುರಾಗಿ ಪ್ರಿಪೋನ್ ಅಂತ ಒಂದು ಪದ ಬೇಕು ಅಂತ ಕೇಳಿದ್ರು, ಅಲ್ಲಿ ಅದು ಬೇರು ಬಿಡ್ಲಿಲ್ಲ, ನಮ್ಮ ದೇಶದಲ್ಲಿ ಬಿಡ್ತು. ನನಗಂತೂ ತುಂಬಾ ಇಷ್ಟದ ಪದ ಇದು, ಯಾಕಂದ್ರೆ ಬುಧವಾರದ ಮೀಟಿಂಗ್ ಎರಡು ದಿನ ಮೂವ್ ಫಾರ್ವರ್ಡ್ ಆಗಿದೆ ಅಂದ್ರೆ ಅದು ಸೋಮವಾರಕ್ಕೆ ಬಂತಾ ಶುಕ್ರವಾರಕ್ಕೆ ಹೋಯ್ತಾ ಅಂತ ಇಂಗ್ಲಿಷ್ ಮನೆಮಾತಿನವರಲ್ಲೇ ಒಮ್ಮತ ಇಲ್ಲ, ಮನಃಶಾಸ್ತ್ರದವರು ಇದೇ ಪ್ರಶ್ನೆ ಕೇಳಿ ನೋಡಿದಾಗ ಕೆಲವರು ಹೀಗಂದ್ರು ಕೆಲವರು ಹಾಗಂದ್ರು. ಪ್ರಿಪೋನ್ ಅಂದ್ರೆ ಆ ಗೊಂದಲಾನೇ ಇಲ್ಲ. ಹೊರದೇಶದವರಿಗೆ ಬರೆಯುವಾಗ ಮಾತ್ರ ಹೊಸ ದಿನ, ಟೈಮು ಎರಡೂ ಸೇರಿಸಿ ಬರೀರಿ.

ಪ್ರಶ್ನೆ: ಡಿಸ್ಕಸ್ ಅಬೌಟ್ ತಪ್ಪು ಅಂತ ಮಗಳ ಟೀಚರ್ ಕೆಂಪು ಗೆರೆ ಎಳೆದಿದಾರೆ. ಸರೀನಾ? ಮಲ್ಲೇಶ್ವರಂನಿಂದ ಒಬ್ಬ ತಾಯಿ.

ಉತ್ತರ: ಟೀಚರ್ ಹೇಳಿದ್ದು ಸರಿ. ಕನ್ನಡದಲ್ಲಿ ಒಂದು ವಿಷಯದ ಬಗ್ಗೆ ಚರ್ಚೆ ಮಾಡ್ತೀವಲ್ಲ, ಆ ಬಗ್ಗೆನೇ ಅಬೌಟ್ ಆಗಿ ನುಸುಳುತ್ತೆ. ಟಾಕ್ ಅಬೌಟ್ ಸರಿ, ಡಿಸ್ಕಸ್‌ಗೆ ಬೇಡ.

ಪ್ರಶ್ನೆ: ನಮ್ಮ ಎಚ್‌ಆರ್ ಎಲ್ಲ ಮೇಲ್ ಕೊನೆಗೂ ಪ್ಲೀಸ್ ರಿವರ್ಟ್ ಅಂತ ಹಾಕ್ತಾರೆ, ನಾನೂ ರೆಸ್ಯೂಮೆಲಿ 2019ರಲ್ಲಿ ಪಾಸ್ಡ್ ಔಟ್ ಅಂತ ಬರೆದಿದೀನಿ. ಇವೂ ಪ್ರಿಪೋನ್ ಥರ ನಮ್ಮ ಪದಗಳೇ ಅಂತ ಬಿಟ್ಬಿಡೋಣ್ವಾ?

ಉತ್ತರ: ಇಲ್ಲಿ ನಾನು ಒಪ್ಪಲ್ಲ. ಪ್ರಿಪೋನ್ ಗೊತ್ತಿಲ್ಲದವರಿಗೆ ಗೊತ್ತಾಗಲ್ಲ, ಏನು ಅಂತ ಕೇಳ್ತಾರೆ, ಅಲ್ಲಿಗೆ ಮುಗೀತು. ರಿವರ್ಟ್‌ದು ಹಂಗಲ್ಲ, ಅದಕ್ಕೆ ಆಗ್ಲೇ ಬೇರೆ ಅರ್ಥ ಇದೆ, ಮೊದಲಿದ್ದ ಸ್ಥಿತಿಗೆ ವಾಪಸ್ ಹೋಗೋದು ಅಂತ. ನೀವೇ ನೋಡಿ, ಕೋಡ್ ರಿವರ್ಟ್ ಮಾಡಿ ಅಂದ್ರೆ ಮಾಡಿರೋ ಬದಲಾವಣೆ ತೆಗೆದು ಹಳೇದಕ್ಕೆ ಹೋಗ್ತೀರಿ, ಮೇಲ್‌ಗೆ ರಿವರ್ಟ್ ಮಾಡಿ ಅಂದ್ರೆ ಉತ್ತರ ಬರೀತೀರಿ, ಒಂದೇ ಆಫೀಸಲ್ಲಿ ಒಂದೇ ಪದ ಎರಡು ಕೆಲಸ ಹೇಳ್ತಿದೆ. ರಿಪ್ಲೈ ಅಂತ ಬರೆದ್ರೆ ಯಾರಿಗೂ ತೊಂದ್ರೆ ಇಲ್ಲ. ಪಾಸ್ ಔಟ್ ಅಂದ್ರೆ ಹೊರಗಿನವರಿಗೆ ಮೊದಲು ಹೊಳೆಯೋದು ಮೂರ್ಛೆ ಹೋಗೋದು, ಮಿಲಿಟರಿಯ ಪಾಸಿಂಗ್ ಔಟ್ ಪರೇಡ್ ಬಿಟ್ರೆ. ರೆಸ್ಯೂಮೆಲಿ ಗ್ರಾಜುಯೇಟೆಡ್ ಅಂತ ಇವತ್ತೇ ಬದಲಾಯಿಸಿ.

ಈ ಎರಡು ಅರ್ಥದ ತೊಂದರೆ ನಮಗೆ ಮಾತ್ರ ಅಂದ್ಕೋಬೇಡಿ. ಟೇಬಲ್ ಮಾಡೋದು ಅಂದ್ರೆ ಬ್ರಿಟನ್ನಲ್ಲಿ ವಿಷಯಾನ ಈಗಲೇ ಚರ್ಚೆಗೆ ತರೋದು, ಅಮೆರಿಕದಲ್ಲಿ ಅದನ್ನ ಪಕ್ಕಕ್ಕಿಡೋದು. ಎರಡನೇ ಮಹಾಯುದ್ಧದ ಸಮಯದಲ್ಲಿ ಈ ಒಂದು ಪದಕ್ಕೇ ಎರಡೂ ಕಡೆ ಅಧಿಕಾರಿಗಳು ತುಂಬಾ ಹೊತ್ತು ಕಿತ್ತಾಡಿದ್ರು, ಇಬ್ಬರಿಗೂ ಬೇಕಾಗಿದ್ದು ಒಂದೇ ಅಂತ ಆಮೇಲೆ ಗೊತ್ತಾಯ್ತು, ಚರ್ಚಿಲ್ ಇದನ್ನ ಬರೆದಿಟ್ಟಿದ್ದಾರೆ.

ಪ್ರಶ್ನೆ: ಡೆಟ್ ಪದದಲ್ಲಿ ಬಿ ಯಾಕೆ, ಐಲೆಂಡಲ್ಲಿ ಎಸ್ ಯಾಕೆ, ನೈಟ್‌ನಲ್ಲಿ ಕೆ ಯಾಕೆ? ಓದದೇ ಇರೋ ಅಕ್ಷರ ಬರೆಯೋದ್ಯಾಕೆ ಸರ್ ಅಂತ ಕೇಳಿದ್ರೆ ಬಾಯಿಪಾಠ ಮಾಡ್ಕೋ ಅಂತಾರೆ. ಪಿಯುಸಿ ವಿದ್ಯಾರ್ಥಿ, ಯಶವಂತಪುರ.

ಉತ್ತರ: ಒಳ್ಳೇ ಪ್ರಶ್ನೆಪ್ಪ, ಇದಕ್ಕೆ ಉತ್ತರ ಸಿಗಲೇಬೇಕು ನಿನಗೆ. ಮೂರಕ್ಕೂ ಮೂರು ಬೇರೆ ಕಥೆ. ಯೋಧ ಅನ್ನೋ ಅರ್ಥದ ನೈಟ್‌ನಲ್ಲಿರೋ ಕೆ ಹಿಂದೆ ನಿಜವಾಗ್ಲೂ ಬಾಯಲ್ಲಿತ್ತು, ಮಂಡಿಗೆ ಹೇಳೋ ನೀ ಪದದಲ್ಲೂ ಇತ್ತು, ಅದೇ ಮೂಲದ ಜರ್ಮನ್ ಪದಾನ ಇವತ್ತಿಗೂ ಕ್ನೀ ಅಂತಾನೇ ಹೇಳೋದು. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದ, ಕಾಗುಣಿತ ಆಮೇಲಾಮೇಲೆ ಗಟ್ಟಿ ಆಗ್ತಾ ಹೋಯ್ತು, ಅದೇ ಕಾಲಕ್ಕೆ ಉಚ್ಚಾರಣೆ ಬದಲಾಗ್ತಾ ಹೋಯ್ತು, ಪುಸ್ತಕದಲ್ಲಿ ಕೆ ಉಳೀತು ಬಾಯಿಂದ ಬಿತ್ತು. ಡೆಟ್‌ದು ಹಾಗಲ್ಲ, ಅದು ಫ್ರೆಂಚಿಂದ ಬಂದಾಗ ಬಿ ಇರಲೇ ಇಲ್ಲ, ಲ್ಯಾಟಿನ್ ಮೂಲ ಡೆಬಿಟಮ್ ಅಂತ ಕಾಣಲಿ ಅಂತ ಪಂಡಿತರು ಆಮೇಲೆ ತುರುಕಿದ್ದು, ಡೌಟ್‌ಗೂ ಅದೇ ಗತಿ. ಐಲೆಂಡ್ ಅಂತೂ ಅಚ್ಚ ಇಂಗ್ಲಿಷ್ ಪದ, ದ್ವೀಪ ಅಂತಲೇ ಅರ್ಥ ಇರೋ ಐಲ್ ಅನ್ನೋ ಫ್ರೆಂಚ್ ಕಡೆಯ ಪದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ, ಎರಡೂ ಒಂದೇ ಮನೆಯವು ಅಂತ ತಪ್ಪು ತಿಳ್ಕೊಂಡು ಐಲ್‌ನಲ್ಲಿರೋ ಎಸ್ ಇದಕ್ಕೂ ಅಂಟಿಸಿದ್ರು. ಬರೆದ ಹಾಗೆ ಓದೋ ಭಾಷೆಯಲ್ಲಿ ಬೆಳೆದ ಮಕ್ಕಳಿಗೆ ಇದು ಕಷ್ಟ ಆಗೋದು ದಡ್ಡತನ ಅಲ್ಲ, ಟೀಚರುಗಳು ಒಂದು ನಿಮಿಷ ಈ ಕಥೆ ಹೇಳಿದ್ರೆ ಸ್ಪೆಲ್ಲಿಂಗ್ ತಾನಾಗೇ ತಲೇಲಿ ಕೂರುತ್ತೆ.

ಪ್ರಶ್ನೆ: ವಾಕ್ಯದ ಕೊನೆಗೆ ಪ್ರೆಪೊಸಿಷನ್ ಬರಬಾರದು ಅಂತ ಮೂವತ್ತು ವರ್ಷ ಪಾಠ ಮಾಡಿದೀನಿ, ಈಗ ಮೊಮ್ಮಗ ಅದೆಲ್ಲ ಸುಳ್ಳು ಅಂತಾನೆ. ನಿವೃತ್ತ ಶಿಕ್ಷಕರು, ಬಸವನಗುಡಿ.

ಉತ್ತರ: ಮೊಮ್ಮಗ ಹೇಳಿದ್ದು ನಿಜ ಸರ್, ಆದ್ರೆ ತಪ್ಪು ನಿಮ್ಮದಲ್ಲ, ನೀವು ಓದಿದ ವ್ಯಾಕರಣದ ಪುಸ್ತಕಗಳಲ್ಲೂ ಹಾಗೇ ಇತ್ತು. 1672ರಲ್ಲಿ ಕವಿ ಡ್ರೈಡನ್ ಬೆನ್ ಜಾನ್ಸನ್‌ನ ಬರವಣಿಗೆಲಿ ಇದನ್ನ ದೋಷ ಅಂತ ಎತ್ತಿ ತೋರಿಸಿದ, ಅಲ್ಲಿಂದ ಇದು ನಿಯಮ ಅಂತ ಬೆಳೀತು. ಇಂಗ್ಲಿಷ್ ಜನ ಅದಕ್ಕೂ ಮುಂಚೆ ಹಾಗೆ ಮಾತಾಡ್ತಿದ್ರು, ಈಗಲೂ ಮಾತಾಡ್ತಾರೆ. ಫ್ರೆಂಚಿಗೆ 1635ರಿಂದ ಒಂದು ಅಕಾಡೆಮಿ ಇದೆ, ಇಂಗ್ಲಿಷಿಗೆ ಹಾಗೆ ತೀರ್ಪು ಕೊಡೋ ಪೀಠ ಯಾವತ್ತೂ ಇರಲಿಲ್ಲ, ಅದಕ್ಕೇ ಒಬ್ಬರ ಅಭಿರುಚಿ ಇನ್ನೊಬ್ಬರಿಗೆ ಕಾನೂನಾಗಿ ಕೂತುಬಿಡುತ್ತೆ.

ಪ್ರಶ್ನೆ: ಕಸಿನ್ ಬ್ರದರ್ ಅನ್ನಬಹುದಾ?

ಉತ್ತರ: ನಮ್ಮ ನಮ್ಮಲ್ಲಿ ಅನ್ನಿ, ದೊಡ್ಡಪ್ಪನ ಮಗ ನಮಗೆ ಅಣ್ಣಾನೇ, ಬರೀ ಕಸಿನ್ ಅಂದ್ರೆ ಮನಸ್ಸಿಗೆ ಹಿಡಿಸಲ್ಲ. ಆದ್ರೆ ಸೋದರಮಾವನ ಮಗಳನ್ನ ಕಸಿನ್ ಸಿಸ್ಟರ್ ಅಂತ ಪರಿಚಯ ಮಾಡಿಸಬೇಡಿ, ಮದುವೆ ಸಂಬಂಧ ನಡೆಯೋ ಮನೆಗಳಲ್ಲಿ ಆಕೆ ತಂಗಿ ಅಲ್ಲ.

ಪ್ರಶ್ನೆ: ನಮ್ಮ ಊರಿನ ಹೆಸರು ಇಂಗ್ಲಿಷ್ ಡಿಕ್ಷನರಿಲಿ ಬೇರೆ ಯಾವ ಅರ್ಥದಲ್ಲಾದ್ರೂ ಇದ್ಯಾ? ಹಲಸೂರು.

ಉತ್ತರ: ಇದೆ, ಅದೂ ನಿಮ್ಮ ಏರಿಯಾಗೆ ಹತ್ತಿರದ್ದೇ. ಬ್ಯಾಂಗಲೋರ್ ಟಾರ್ಪಿಡೋ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಅನ್ನೋ ಸೇನೆಯ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಬೆಂಗಳೂರಲ್ಲಿ ಮಾಡಿದ ಸಾಧನ, ಸಿಡಿಮದ್ದು ತುಂಬಿದ ಕೊಳವೆಗಳನ್ನ ಒಂದಕ್ಕೊಂದು ಜೋಡಿಸಿ ಮುಳ್ಳುತಂತಿ ಕೆಳಗೆ ತಳ್ಳಿ ಸಿಡಿಸಿ ದಾರಿ ಮಾಡ್ಕೊಳ್ಳೋದು, 1944ರಲ್ಲಿ ನಾರ್ಮಂಡಿ ಕಡಲ ತೀರದಲ್ಲೂ ಬಳಸಿದ್ರು. ಆ ಪಡೆಯೇ ಈಗ ಹಲಸೂರು ಕೆರೆ ಹತ್ತಿರ ಇರೋ ಎಂಇಜಿ, ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪ್. 2014ರ ನವೆಂಬರ್ 1ರಿಂದ ಊರಿನ ಹೆಸರು ಇಂಗ್ಲಿಷಲ್ಲೂ ಬೆಂಗಳೂರು ಅಂತ ಆಯ್ತು, ಟಾರ್ಪಿಡೋ ಮಾತ್ರ ಬ್ಯಾಂಗಲೋರ್ ಆಗೇ ಉಳಿದಿದೆ.