ಬೇಸಿಗೆ ರಜೆ, ವರ್ಕ್ ಫ್ರಂ ಹೋಮ್: ದಾವಣಗೆರೆಯಲ್ಲಿ ಕೋವರ್ಕಿಂಗ್ ಸೀಟು ತಗೊಳ್ಳೋದು ಸರಿನಾ?

ನೀವು ಬೆಂಗಳೂರಿನ ಕಂಪನಿಗೆ ದಾವಣಗೆರೆಯ ಮನೆಯಿಂದಲೇ ಕೆಲಸ ಮಾಡುತ್ತೀರಿ. ಏಳು ವರ್ಷದ ಮಗನಿಗೆ ರಜೆ ಶುರುವಾಗುತ್ತಿದೆ. ಕೋವರ್ಕಿಂಗ್ ಜಾಗದಲ್ಲಿ, ಅಂದರೆ ಬೇರೆಬೇರೆ ಕಡೆಯ ಕೆಲಸದವರು ಬಾಡಿಗೆ ಕೊಟ್ಟು ಕೂತು ಕೆಲಸ ಮಾಡುವ ಆಫೀಸಿನಲ್ಲಿ, ತಿಂಗಳಿಗೆ ಒಂದು ಸೀಟು ತಗೊಂಡರೆ ಅನುಕೂಲ ಆಗುತ್ತಾ, ಮಗನನ್ನೂ ಜೊತೆಗೆ ಕರ್ಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ನನಗೂ ಇಬ್ಬರು ಮಕ್ಕಳು, ಇದೇ ಊರು, ಇದೇ ಥರದ ಕೆಲಸ. ಹಾಗಾಗಿ ಅನುಭವದಿಂದ ಹೇಳುತ್ತೇನೆ.

ಮಗನನ್ನು ಕರ್ಕೊಂಡು ಹೋಗಬೇಡಿ. ಎಷ್ಟೋ ಕಡೆ ಮಕ್ಕಳನ್ನು ಒಳಗೆ ಬಿಡುವುದೇ ಇಲ್ಲ. ಬಿಟ್ಟರೂ ಪಕ್ಕದ ಸೀಟಿನವರು ನಿಮ್ಮ ಹಾಗೇ ದುಡ್ಡು ಕೊಟ್ಟು ಶಾಂತಿ ಹುಡುಕಿಕೊಂಡು ಬಂದವರು. ಏಳು ವರ್ಷದ ಹುಡುಗ ನಾಲ್ಕು ಗಂಟೆ ಒಂದೇ ಕುರ್ಚಿಯಲ್ಲಿ ಕೂತಿರಬೇಕು ಅನ್ನುವುದು ಅವನಿಗೂ ಅನ್ಯಾಯ. ಕೊನೆಗೆ ಕೈಗೆ ಮೊಬೈಲ್ ಕೊಡುತ್ತೀರಿ. ಅದನ್ನು ಮನೆಯಲ್ಲೇ ಕೊಡಬಹುದಿತ್ತು, ಅಲ್ವಾ?

ಸೀಟು ತಗೊಳ್ಳಿ. ಆದರೆ ಇಡೀ ದಿನಕ್ಕೆ ಬೇಡ, ಮತ್ತು ಮಗನನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಇತ್ಯರ್ಥವಾದ ಮೇಲೆ ತಗೊಳ್ಳಿ. ಕೋವರ್ಕಿಂಗ್ ಜಾಗ ಮಗುವನ್ನು ನೋಡಿಕೊಳ್ಳುವುದಿಲ್ಲ, ನಿಮಗೆ ಒಂದು ಬಾಗಿಲು ಕೊಡುತ್ತದೆ ಅಷ್ಟೇ. ಬಾಗಿಲಿನ ಆಚೆ ಯಾರಿದ್ದಾರೆ ಅನ್ನುವುದೇ ಮುಖ್ಯ.

ನಮ್ಮೂರಿನ ಬೇಸಿಗೆಯ ಲೆಕ್ಕವೇ ಬೇರೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 2024ರಲ್ಲೂ 2025ರಲ್ಲೂ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಇತ್ತು. ಬಿಸಿಲು ತಲೆ ಸುಡುವುದೂ ಆವಾಗಲೇ. ಬೆಳಿಗ್ಗೆ ಹತ್ತರ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ, ಸಂಜೆ ಐದರವರೆಗೂ ಮನೆಯೊಳಗೇ. ಬೇಸಿಗೆ ಶಿಬಿರ, ಈಜು, ಸ್ಕೇಟಿಂಗ್ ಎಲ್ಲವೂ ಬೆಳಿಗ್ಗೆ ಬೇಗ ಮುಗಿಯುತ್ತವೆ, ಇಲ್ಲಾ ಸಂಜೆ ಶುರುವಾಗುತ್ತವೆ. ಅಂದರೆ ಮಕ್ಕಳು ಮನೆಯಲ್ಲಿ ಕಟ್ಟಿಹಾಕಿದ ಹಾಗೆ ಇರುವ ಹೊತ್ತೂ ನಿಮ್ಮ ಆಫೀಸಿನ ಹೊತ್ತೂ ಒಂದೇ. ರಜೆಯಲ್ಲಿ ಮನೆಯಿಂದ ಕೆಲಸ ಮಾಡುವುದು ಯಾಕೆ ಇಷ್ಟು ಕಷ್ಟ ಅಂದರೆ ಇದಕ್ಕೇ.

ನಮ್ಮ ಮನೆಯಲ್ಲಿ ರೂಮಿನ ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿ ಕೂತರೆ ಐದು ವರ್ಷದ ಮಗ ಬಾಗಿಲಿನ ಕೆಳಗಿನಿಂದ ಕಾಗದ ತೂರಿಸುತ್ತಿದ್ದ. ಮೊದಲು ಒಂದು ಲಾರಿ, ಆಮೇಲೆ ಇನ್ನೊಂದು ಲಾರಿ, ಆಮೇಲೆ ಪೆನ್ಸಿಲ್ಲೇ ಒಳಗೆ ಬರುತ್ತಿತ್ತು. ಅವನು ಹಟ ಮಾಡುತ್ತಿರಲಿಲ್ಲ, ಅಮ್ಮ ಒಳಗೇ ಇದ್ದಾಳೆ ಅಂತ ಗೊತ್ತಿತ್ತು, ಅಷ್ಟೇ. ನಾನು ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿ ಚಪ್ಪಲಿ ಮೆಟ್ಟಿ ಹೊರಟರೆ ಮಾತ್ರ ಅವನಿಗೆ ಅದು ಕೆಲಸ. ಒಂದು ಟಾಟಾ, ಆಮೇಲೆ ಅಜ್ಜಿಯ ಹಿಂದೆ ಹೋಗಿಬಿಡುತ್ತಾನೆ. ಸೀಟಿಗೆ ಕೊಡುವ ದುಡ್ಡಿಗೆ ನನ್ನ ಪ್ರಕಾರ ದೊಡ್ಡ ಕಾರಣ ಇದೇ. ವೈಫೈ, ಎಸಿ ಎಲ್ಲಾ ಆಮೇಲೆ.

ಹಾಗಾಗಿ ನನ್ನ ಕ್ರಮ ಇಷ್ಟು. ಬೆಳಿಗ್ಗೆ ಮಕ್ಕಳ ಜೊತೆ ಇರುತ್ತೇನೆ. ಹತ್ತರ ಸುಮಾರಿಗೆ ಹೊರಟು, ದಿನದ ಮುಖ್ಯ ಮೀಟಿಂಗು, ತಲೆ ಕೊಟ್ಟು ಮಾಡಬೇಕಾದ ಕೆಲಸ ಎರಡನ್ನೂ ಅಲ್ಲಿ ಮುಗಿಸುತ್ತೇನೆ. ಎರಡಕ್ಕೆ ಊಟಕ್ಕೆ ಮನೆಗೆ. ಮಧ್ಯಾಹ್ನ ಚಿಕ್ಕವನು ಮಲಗುತ್ತಾನೆ, ದೊಡ್ಡವಳು ಓದುತ್ತಾಳೆ. ಮೇಲ್, ರಿಪೋರ್ಟ್ ಥರದ್ದನ್ನು ಆಗ ಮಾಡಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಇದು ಆಗದ ಮಾತು, ಹೋಗಿ ಬರುವುದರಲ್ಲೇ ಅರ್ಧ ದಿನ ಮುಗಿಯುತ್ತದೆ. ಇಲ್ಲಿ ವಿದ್ಯಾನಗರದಿಂದ ಪಿ.ಜೆ. ಬಡಾವಣೆಗೆ ಸ್ಕೂಟರಿನಲ್ಲಿ ಎಷ್ಟು ಹೊತ್ತು? ಸಣ್ಣ ಊರಿನ ಈ ಲಾಭವನ್ನು ಬಿಡಬೇಡಿ. ಮನೆಗೆ ಹತ್ತಿರ ಇರುವ ಸಾಧಾರಣ ಜಾಗ, ಊರಾಚೆಯ ಚಂದದ ಜಾಗಕ್ಕಿಂತ ಒಳ್ಳೆಯದು. ಮಗುವಿಗೆ ಜ್ವರ ಬಂತು ಅಂದರೆ ಹತ್ತು ನಿಮಿಷದಲ್ಲಿ ಮನೆಯಲ್ಲಿರಬೇಕು.

ತಿಂಗಳ ಪಾಸಿಗೆ ಮೊದಲೇ ದುಡ್ಡು ಕಟ್ಟಬೇಡಿ. ದಿನದ ಪಾಸು ಅಥವಾ ಅರ್ಧ ದಿನದ ಲೆಕ್ಕ ಇದೆಯಾ ಕೇಳಿ. ಮಧ್ಯದಲ್ಲಿ ಮದುವೆ ಬರುತ್ತದೆ, ಊರ ಜಾತ್ರೆ ಬರುತ್ತದೆ, ಅಜ್ಜನ ಮನೆಗೆ ಹೋಗುತ್ತೀರಿ. ಹೇಳಿದ ರೇಟಿನಲ್ಲಿ ಶೇ 18 ಜಿಎಸ್‌ಟಿ ಸೇರಿದೆಯಾ ಅನ್ನುವುದನ್ನೂ ಕೇಳಿಬಿಡಿ.

ಇನ್ನೊಂದು ವಿಷಯ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರಿಗೆ ಅಂತ ನಮ್ಮ ಕಡೆ ರೀಡಿಂಗ್ ರೂಮುಗಳಿವೆ. ಚಿತ್ರದುರ್ಗದಲ್ಲೂ ಇವೆ. ಫೀಸು ಕಮ್ಮಿ, ಕೂರುವುದಕ್ಕೆ ಚೆನ್ನಾಗಿರುತ್ತದೆ. ಬರೆಯುವ ಕೆಲಸ, ಕೋಡಿಂಗ್ ಇದ್ದರೆ ಸಾಕು. ಆದರೆ ಅಲ್ಲಿ ಪಿಸುಮಾತೂ ಆಡುವ ಹಾಗಿಲ್ಲ. ದಿನಕ್ಕೆ ಎರಡು ಕಾಲ್ ಇರುವವರಿಗೆ ಅದು ಆಗುವುದಿಲ್ಲ. ಕಾಲ್ ಜಾಸ್ತಿ ಇದ್ದರೆ ಬಾಗಿಲು ಇರುವ ಸಣ್ಣ ರೂಮು ಗಂಟೆ ಲೆಕ್ಕದಲ್ಲಿ ಸಿಗುವ ಕಡೆಗೇ ಹೋಗಿ.

ಕರೆಂಟಿನ ವಿಷಯ ಮರೆಯಬೇಡಿ. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಗಾಳಿ ಬಂದರೆ ಕರೆಂಟು ಹೋಯಿತು ಅಂತಲೇ ಲೆಕ್ಕ. ಬೆಸ್ಕಾಂನವರು ರಿಪೇರಿಗೆ ಅಂತ ಹಗಲೆಲ್ಲಾ ತೆಗೆಯುವುದೂ ಉಂಟು, ಸ್ಥಳೀಯ ಪತ್ರಿಕೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಅಂತ ಬಡಾವಣೆಗಳ ಹೆಸರು ಬಂದಿರುತ್ತದೆ. ನಿಮ್ಮ ಬಡಾವಣೆಯ ಹೆಸರು ಬಂದ ದಿನ ಸೀಟು ಹಿಡಿಯಿರಿ. ಮನೆಯ ರೂಟರಿಗೆ ಒಂದು ಸಣ್ಣ ಯುಪಿಎಸ್ ಹೇಗೂ ಇರಲಿ.

ಈಗ ದುಡ್ಡಿನ ಮಾತು. ನಿಮ್ಮ ಹತ್ತಿರ ಒಂದಕ್ಕೆ ಮಾತ್ರ ದುಡ್ಡಿದ್ದರೆ ಸೀಟಿಗೆ ಹಾಕಬೇಡಿ, ಮಗನನ್ನು ನೋಡಿಕೊಳ್ಳುವವರಿಗೆ ಕೊಡಿ. ಅಜ್ಜಿ ಇದ್ದಾರಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮಂಡಿ ನೋವಿನ ಅಜ್ಜಿ ಬಿಸಿಲಿನ ಹೊತ್ತಿನಲ್ಲಿ ಇಬ್ಬರು ಮಕ್ಕಳನ್ನು ತಿಂಗಳುಗಟ್ಟಲೆ ಹಿಡಿದಿಡುವುದು ಸುಮ್ನೆ ಅಲ್ಲ. ನಮ್ಮ ಅತ್ತೆಗೆ ಜೊತೆಯಾಗಲಿ ಅಂತ ನಾವು ಪಕ್ಕದ ಬೀದಿಯ ಒಬ್ಬ ಹೆಂಗಸನ್ನು ಮಧ್ಯಾಹ್ನದವರೆಗೆ ಇಟ್ಟುಕೊಂಡಿದ್ದೇವೆ. ಆ ಸಂಬಳ ಉಳಿಸುವ ಯೋಚನೆ ನನಗೆ ಒಮ್ಮೆಯೂ ಬಂದಿಲ್ಲ.

ನಿಮ್ಮ ಎಚ್‌ಆರ್‌ನವರನ್ನೂ ಕೇಳಿ. 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿಯಲ್ಲಿ ಸೇರಿಸಿದರು. ಬೆಂಗಳೂರಿನ ಆಫೀಸಿನಲ್ಲಿ ಅದು ಇದ್ದರೂ ದಾವಣಗೆರೆಯಲ್ಲಿ ಕೂತ ನಮಗೆ ಏನೂ ಉಪಯೋಗವಿಲ್ಲ. ಅದಕ್ಕೇ ಕೇಳಬೇಕು: ರಜೆಯ ತಿಂಗಳುಗಳಲ್ಲಿ ಸೀಟಿನ ಬಿಲ್ಲನ್ನಾದರೂ ಕಂಪನಿ ಕೊಡುತ್ತದಾ? ಕೆಲವರು ಕೊಡುತ್ತಾರೆ. ನಾವು ಬಾಯಿಬಿಟ್ಟು ಕೇಳದೆ ಯಾರೂ ಕೊಡುವುದಿಲ್ಲ.

ದಸರಾ ರಜೆಗೂ ಇದೇ ವ್ಯವಸ್ಥೆ ಇಟ್ಟುಕೊಳ್ಳಿ. 2025ರಲ್ಲಿ ಜಾತಿ ಸಮೀಕ್ಷೆಗೆ ಶಿಕ್ಷಕರು ಬೇಕು ಅಂತ ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದಾಗ ಎಷ್ಟು ಮನೆಗಳಲ್ಲಿ ಪೇಚಾಟ ಆಯಿತು ನೋಡಿದಿರಲ್ಲ.

ಜಾಗ ನೋಡಲು ಬೆಳಿಗ್ಗೆ ತಂಪಿನಲ್ಲಿ ಹೋಗಬೇಡಿ, ಮಧ್ಯಾಹ್ನ ಹನ್ನೆರಡರ ಮೇಲೆ ಹೋಗಿ. ಎಸಿ ನಿಜವಾಗಿ ತಂಪು ಮಾಡುತ್ತಿದೆಯಾ, ಕರೆಂಟು ಹೋದರೆ ಜನರೇಟರ್ ಇದೆಯಾ, ಹೆಂಗಸರ ಶೌಚಾಲಯ ಹೇಗಿದೆ, ಎಲ್ಲಾ ಆಗ ಗೊತ್ತಾಗುತ್ತದೆ. ಫೋನಿನಲ್ಲೇ ವೈಫೈ ಸ್ಪೀಡ್ ನೋಡಿ, ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಒಂದು ಸರಿಯಾದ ವಿಡಿಯೋ ಕಾಲ್‌ಗೆ ಮೂರ್ನಾಲ್ಕು ಎಂಬಿಪಿಎಸ್ ಬೇಕು, ಅಲ್ಲಿ ಕೂತ ಎಲ್ಲರೂ ಒಟ್ಟಿಗೆ ಬಳಸುತ್ತಿರುವಾಗಲೇ ಅಷ್ಟು ಸಿಗಬೇಕು.